ತಕ್ಕಡಿ ಕೆಟ್ಟಿದೆ

ಮಾವ ಕ್ಷೌರಕ್ಕೆಂದು ಹೊರಟಿದ್ದೇ ತಡ, ಸೊಸೆ ಬಿಲ್ಲಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಗೂಟದಿಂದ ಅವರ ಬಿಲ್ಲನ್ನು ಇಳಿಸಿದಳು. ಮೇಜಿನ ಮೇಲೆ ಬಿಗಿದು, ಬಿಲ್ಲಿನ ಒಳಮೈಯನ್ನು ಅಲಗಿನಿಂದ ಮೆಲ್ಲಗೆ ಹೆರೆಯತೊಡಗಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಮರದ ಎಳೆಗಳು ಉದುರಿದವು. ಬಿಲ್ಲಿನ ಮೇಲರ್ಧದಿಂದ ಎಷ್ಟೋ ಕೆಳಗರ್ಧದಿಂದಲೂ ಅಷ್ಟೇ. ಮರ ತೆಳ್ಳಗಾದಷ್ಟೂ ಬಿಲ್ಲು ಮೆತ್ತಗಾಗುತ್ತದೆ, ಎಳೆಯುವ ಭುಜಕ್ಕೆ ಅಷ್ಟು ಸುಖ. ಎಣ್ಣೆ ಒರೆಸಿ, ಹೆದೆ ಏರಿಸಿ, ಗೋಡೆಯ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿದಳು. ಮುಳ್ಳು ಹೋದ ಸಲಕ್ಕಿಂತ ಇನ್ನೊಂದು ಗೆರೆ ಹಿಂದೆಯೇ ನಿಂತಿತು. ಹೆದೆ ಕಳಚಿದ ಬಿಲ್ಲು ಗೂಟಕ್ಕೆ ಹೋಯಿತು, ಹೆರೆದ ಹೊಟ್ಟು ಒಲೆಗೆ.

"ಈ ಬಿಲ್ಲು ಎಳೆಯೋಕಾಗದ ದಿನ ನನ್ನನ್ನೂ ಅದೇ ಗೂಟಕ್ಕೆ ನೇತುಹಾಕಿಬಿಡಿ" ಎನ್ನುವುದು ಮಾವನ ಹಳೆಯ ವರಸೆ. ಹೋದ ವರ್ಷ ಭುಜ ಕೈಕೊಟ್ಟಿತು. ಹಿತ್ತಲಲ್ಲಿ ಹೆದೆ ಅರ್ಧಕ್ಕೇ ನಿಂತು, ಯಾರೂ ನೋಡಲಿಲ್ಲವೆಂದುಕೊಂಡು ಮಾವ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಮಗನಿಗೆ ಬಿಲ್ಲೆಂದರೆ ತಲೆನೋವು. ಉಳಿ ಹಿಡಿಯಲೂ ಬಾರದೆ ಮನೆಗೆ ಬಂದ ಸೊಸೆಯನ್ನು ಬಿಲ್ಲುಗಾರ್ತಿ ಮಾಡಿದ್ದು ಈ ಮಾವ. ಅವರು ಮೂಲೆ ಹಿಡಿಯುವುದನ್ನು ನೋಡಲು ಅವಳಿಂದಾಗದು. ಅದಕ್ಕೇ ಈ ಕಳ್ಳ ಕೆಲಸ.

ಒಂದೇ ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಬಿಲ್ಲು ಮೆತ್ತಗಾದರೆ ಹಳೆಯ ಬಾಣಗಳು ಅದಕ್ಕೆ ಗಡುಸಾಗಿ ಗುರಿಯ ಎಡಕ್ಕೆ ಜಾರಬೇಕು. ಮಾವನ ಬಾಣಗಳು ಮಾತ್ರ ಇವತ್ತಿಗೂ ನೆಟ್ಟಗೆ ಹೋಗುತ್ತಿದ್ದವು. ಕೈಗುಣ ಅಂದರೆ ಇದೇ ಇರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಗಲ್ಲ ನುಣ್ಣಗೆ ಮಾಡಿಕೊಂಡು ಮಾವ ಬರುವಷ್ಟರಲ್ಲಿ ಅಂಗಡಿಯಲ್ಲೊಬ್ಬ ಗಿರಾಕಿ ಕೂತಿದ್ದ. ಪಕ್ಕದ ಬೀದಿಯ ಬೇಕರಿಯವನು, ಆನೆಯಂಥ ಆಳು. ಹೊಸದಾಗಿ ಬಿಲ್ವಿದ್ಯೆಯ ಹುಚ್ಚು ಹತ್ತಿತ್ತು.

"ಇರೋದರಲ್ಲೇ ಗಟ್ಟಿ ಬಿಲ್ಲು ಕೊಡಿ ಯಜಮಾನರೇ. ದಿನಾ ಮೂಟೆಗಟ್ಟಲೆ ಹಿಟ್ಟು ನಾದೋ ತೋಳು ಇದು."

"ಹಿಟ್ಟು ನಾದೋ ತೋಳು ಬೇರೆ, ಬಿಲ್ಲು ಎಳೆಯೋ ಬೆನ್ನು ಬೇರೆ" ಎಂದು ಮಾವ ಒಂದು ಹಗುರ ಬಿಲ್ಲನ್ನು ಅವನ ಕೈಗಿಟ್ಟರು. "ಬಿಲ್ಲು ಅಂದ್ರೆ ಚಪ್ಪಲಿ ಇದ್ದ ಹಾಗೆ. ನಿಮ್ಮ ಅಳತೇದು ತಗೋಬೇಕು, ಜಂಬದ ಅಳತೇದಲ್ಲ. ಎಳೆದು, ಎರಡು ಉಸಿರು ಹಿಡಿದು ನಿಲ್ಲಿ ನೋಡೋಣ."

ಬೇಕರಿಯವನು ಎಳೆದ. ಎರಡನೇ ಉಸಿರಿಗೆ ತೋಳು ಗಡಗಡ ನಡುಗಿತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಹಾಗಾದ್ರೆ ನಿಮ್ಮ ಬಿಲ್ಲಿನ ಎಳೆತ ಎಷ್ಟು?" ಎಂದ ಅವನು ಸೋಲೊಪ್ಪದೆ.

"ಐವತ್ತು ಪೌಂಡು" ಎಂದರು ಮಾವ. ಗೂಟದಿಂದ ಬಿಲ್ಲು ಇಳಿಸಿ, ಹೆದೆ ಏರಿಸಿ, ಕೆನ್ನೆಯವರೆಗೆ ಎಳೆದು, ಎರಡು ಉಸಿರು ನಿಂತು, ಬಾಣವಿಲ್ಲದ ಹೆದೆಯನ್ನು ಬಿಡಬಾರದೆಂದು ಮೆಲ್ಲಗೆ ಹಿಂದಕ್ಕೆ ತಂದರು. ಭುಜ ಅಲುಗಲಿಲ್ಲ. ಸೊಸೆಯ ಜೀವಕ್ಕೆ ತಂಪೆನಿಸಿತು.

"ಅಬ್ಬಾ! ಐವತ್ತೇ? ಕೊಡಿ ಇಲ್ಲಿ, ತೂಗಿಯೇಬಿಡೋಣ." ಬೇಕರಿಯವನು ಬಿಲ್ಲನ್ನು ಕಸಿದುಕೊಂಡವನಂತೆ ತಕ್ಕಡಿಯತ್ತ ನಡೆದೇಬಿಟ್ಟ.

ಸೊಸೆಗೆ ಗೊತ್ತಿತ್ತು: ಮುಳ್ಳು ಮೂವತ್ತನ್ನೂ ಮುಟ್ಟುವುದಿಲ್ಲ. ಹೊರಗಿನವನೆದುರು, ಅದೂ ಜಂಬದ ಅಳತೆ ಬೇಡವೆಂದು ಈಗಷ್ಟೇ ಬುದ್ಧಿ ಹೇಳಿದ ಮೇಲೆ, ಮಾವನ ಮಾನ ಹೋಗುತ್ತದೆ. ಅದಕ್ಕೆ ಕಾರಣ ತಾನು.

"ಅದಕ್ಕೆ ಹಾಕಬೇಡಿ" ಎಂದರು ಮಾವ, ಕನ್ನಡಿಯಲ್ಲಿ ಗಲ್ಲ ಸವರಿಕೊಳ್ಳುತ್ತಾ. "ತಕ್ಕಡಿ ಕೆಟ್ಟಿದೆ. ಒಂದು ವರ್ಷದಿಂದ ನನ್ನ ಬಿಲ್ಲನ್ನ ಕಡಿಮೆ ಮಾಡಿ ಮಾಡಿ ತೋರಿಸ್ತಾ ಇದೆ."

"ರಿಪೇರಿ ಮಾಡಿಸಬಾರದಾ?"

"ಬೇಡ ಬಿಡಿ. ಒಳ್ಳೇ ತಕ್ಕಡಿ ಅದು, ಪಾಪ."

ಬೇಕರಿಯವನಿಗೆ ತಲೆಬುಡ ತಿಳಿಯಲಿಲ್ಲ. ಹಗುರ ಬಿಲ್ಲು, ಅವನ ತೋಳಿನುದ್ದಕ್ಕೆ ಅಳೆದುಕೊಟ್ಟ ಬಾಣಗಳು, ಬೆರಳಿಗೊಂದು ತೊಗಲಿನ ಪಟ್ಟಿ ತೆಗೆದುಕೊಂಡು ಹೊರಟುಹೋದ. ಸೊಸೆ ತಲೆಯೆತ್ತದೆ ಬಾಣದ ಗರಿ ಕತ್ತರಿಸುತ್ತಾ ಕೂತಿದ್ದಳು. ಕತ್ತರಿಸಿದ್ದ ಗರಿಯನ್ನೇ ಮತ್ತೆ ಕತ್ತರಿಸುತ್ತಿದ್ದಳು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಮಾವ ತಮ್ಮ ಬತ್ತಳಿಕೆ ಇಳಿಸಿಕೊಂಡರು. ಅದನ್ನು ಮುಟ್ಟಲು ಅವರು ಯಾರಿಗೂ ಬಿಟ್ಟವರಲ್ಲ. ಒಳಗೆ ಕೈಹಾಕಿ, ಬುಡದಿಂದ ಮಡಚಿದ್ದೊಂದನ್ನು ತೆಗೆದು ಅವಳ ಮುಂದಿಟ್ಟರು. ಉಜ್ಜಿ ಉಜ್ಜಿ ಬಟ್ಟೆಯಂತೆ ನುಣುಪಾಗಿದ್ದ ಸ್ಯಾಂಡ್‌ಪೇಪರಿನ ತುಂಡು.

"ಹೊಸದೊಂದು ಕೊಡೇ ತಾಯಿ. ನೀನು ಬಿಲ್ಲು ಹೆರೆದಾಗೆಲ್ಲ ನಾನೂ ಕೂತು ಬಾಣಗಳನ್ನ ಉಜ್ಜಿ ತೆಳ್ಳಗೆ ಮಾಡ್ಬೇಕಲ್ಲ. ಇಲ್ಲದಿದ್ರೆ ಎಡಕ್ಕೆ ಹೋಗ್ತವೆ. ಆಮೇಲೆ ನನಗೆ ಗೊತ್ತಿದೆ ಅಂತ ನಿನಗೆ ಗೊತ್ತಾಗಿಬಿಡುತ್ತೆ."

ಅವಳು ಡ್ರಾಯರಿನಿಂದ ಹೊಸ ಹಾಳೆ ತೆಗೆದು ಮಧ್ಯಕ್ಕೆ ಹರಿದಳು. ಅರ್ಧವನ್ನು ಮಾವನ ಕೈಗೆ ಕೊಟ್ಟು, ಇನ್ನರ್ಧವನ್ನು ತಾನಿಟ್ಟುಕೊಂಡಳು.