ಮ್ಯಾಟ್ನಿಗೆ ಬಂದ ಆಕಾಶದವರು

ಜೊತೆಗಿದ್ದ ಆಕಾಶಜೀವಿ ನೀರು ಕುಡಿಯುತ್ತಿರಲಿಲ್ಲ. ಮಾನಪ್ಪನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಅದು ಎಂಬತ್ತಾರನೇ ಇಸವಿ. ಸಿಂಧನೂರಿನ ಹೊರಗೆ ಡೇರೆ ಟಾಕೀಸು ನಡೆಸುತ್ತಿದ್ದ ಜಿಲಾನಿಸಾಬ್, ಅಗ್ಗಕ್ಕೆ ಸಿಕ್ಕಿತೆಂದು ಒಂದು ಇಂಗ್ಲಿಷ್ ಸಿನಿಮಾ ತಂದಿದ್ದ. ಆಕಾಶದಿಂದ ತಟ್ಟೆಯಂಥ ವಾಹನ ಇಳಿಯುತ್ತದೆ; ಒಳಗಿನವರು ಮನುಷ್ಯರೊಡನೆ ಮಾತಾಡಲು ಒದ್ದಾಡುತ್ತಾರೆ. ಜನ ಅರ್ಧಕ್ಕೇ ಎದ್ದು ಹೋದರು. ಜಿಲಾನಿಸಾಬ್ ಗೊಬ್ಬರದ ಚೀಲಗಳಿಗೆ ಬೆಳ್ಳಿಬಣ್ಣ ಬಳಿಸಿ ಎರಡು ವೇಷ ಹೊಲಿಸಿದ. ತಲೆಗೆ ನೀರಿನ ಕೊಡದಂಥ ಮುಖವಾಡ, ಕಣ್ಣಿಗೆ ಹಸಿರು ಗಾಜು. ಮ್ಯಾಟ್ನಿಗೆ ಮುಂಚೆ ಇಬ್ಬರು ಆಕಾಶದವರು ಪರದೆಯ ಮುಂದೆ ಬಂದು, ಒಬ್ಬರನ್ನೊಬ್ಬರು ಮೊದಲ ಸಲ ಕಂಡಂತೆ ಬೆರಗಾಗಬೇಕು.

"ಒಂದು ಮಾತೂ ಆಡಬಾರದು. ಮ್ಯಾಲಿನೋರಿಗೆ ಕನ್ನಡ ಬರಂಗಿಲ್ಲ," ಎಂದು ಒಂದು ವೇಷ ತೊಡಲು ಬಂದ ಮಾನಪ್ಪನಿಗೆ ಹೇಳಿದ್ದ.

ಮಾನಪ್ಪನಿಗೆ ಇದು ರೂಢಿಯಿತ್ತು. ಮಸ್ಕಿಯ ಮನೆಯಲ್ಲಿ ಅವನೂ ಹೆಂಡತಿ ಯಂಕಮ್ಮನೂ ದೀಪಾವಳಿಯಿಂದ ಮಾತು ಬಿಟ್ಟಿದ್ದರು. ನಡುವೆ ತಾಯಿ ಮುದುಕಮ್ಮ ದುಭಾಷಿ. ಉಪ್ಪು ಬೇಕೆಂದರೂ ಮಾತು ಅವಳ ಮೂಲಕವೇ ಹೋಗಿ ಬರಬೇಕು. ಕಾರಣ ಕೇಳಿದವರಿಗೆ ಮಾನಪ್ಪ, "ಸಣ್ಣದೈತಿ, ಬಿಡ್ರಿ," ಎನ್ನುತ್ತಿದ್ದ. ವೇಷದ ಸಂಗತಿ ತಿಳಿದರೆ ನಗುತ್ತಾರೆಂದು ಮನೆಯಲ್ಲಿ ಅಕ್ಕಿ ಗಿರಣಿಯ ಕೆಲಸ ಎಂದಿದ್ದ. ಯಂಕಮ್ಮ ನಸುಕಿಗೇ ಮೆಣಸಿನಕಾಯಿ ಬಿಡಿಸಲೆಂದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು.

ಅವನು ಡೇರೆಗೆ ಬರುವಷ್ಟರಲ್ಲಿ ಆ ಜೀವಿ ವೇಷ ತೊಟ್ಟು ಕೂತಿರುತ್ತಿತ್ತು. ಅವನು ಹೊರಟರೂ ಏಳುತ್ತಿರಲಿಲ್ಲ. ಸೆಕೆ ತಾಳದೆ ಅವನು ಮುಖವಾಡ ಕಳಚಿ ತಂಬಿಗೆ ಎತ್ತಿದರೆ, ಅದು ಅಲುಗದೆ ಹಸಿರು ಕಣ್ಣಿನಿಂದ ನೋಡುತ್ತಿತ್ತು.

"ಅವರು ಯಾರ್ರೀ?" ಮಾನಪ್ಪ ಜಿಲಾನಿಸಾಬನನ್ನು ಕೇಳಿದ.

"ಹೆಸರು ಹೇಳಬ್ಯಾಡ ಅಂದಾರ. ಅದಾ ಅವರ ಷರತ್ತು."

"ಎಲ್ಲಿಯವರು ಅಂತಾದ್ರೂ ಹೇಳ್ರಿ."

ಜಿಲಾನಿಸಾಬ್ ಆಚೆ ನೋಡಿದ. "ಭಾಳ ದೂರದೋರು ಅಂತ ಹೇಳು ಅಂದಾರ."

ಶಿವರಾತ್ರಿ ಹತ್ತಿರ ಬಂದಾಗ ಮುದುಕಮ್ಮ ಸುದ್ದಿ ಮುಟ್ಟಿಸಿದಳು. "ಯಂಕಿ ಮುದಗಲ್ಲಿಗೆ ತವರಿಗೆ ಹೊಂಟಾಳ. ತಿರುಗಿ ಬರಂಗಿಲ್ಲಂತ."

ಮಾನಪ್ಪ "ಹೂಂ" ಎಂದಷ್ಟೇ ಹೇಳಿ ಕಳಿಸಿದ.

ಅಂದು ಪರದೆಯ ಹಿಂದೆ ಅವನಿಗೆ ತಡೆಯಲಾಗಲಿಲ್ಲ. "ನಿನಗ ಕನ್ನಡ ತಿಳಿಯಂಗಿಲ್ಲ. ಅದಕ್ಕ ಹೇಳಾಕತ್ತೀನಿ," ಎಂದ ಆ ಜೀವಿಗೆ. "ನನ್ನ ಹೆಂಡ್ತಿ ಹೋದ್ರ ನಾ ಉಳಿಯಂಗಿಲ್ಲ. ತಪ್ಪು ನಂದ ಐತಿ. ಆಕಿ ಎದುರಿಗೆ ನಿಂತ್ರ ನಾಲಿಗಿ ಏಳಂಗಿಲ್ಲ."

ಜೀವಿ ಎದ್ದು ಹತ್ತಿರ ಬಂದಿತು. ಆಮೇಲೆ ಕೈಗವಸು ತೊಟ್ಟ ಕೈಯನ್ನು ಅವನ ನೆತ್ತಿಯ ಮೇಲಿಟ್ಟಿತು.

ಮರುದಿನ ಬೆಳಿಗ್ಗೆ ಮುದುಕಮ್ಮ, "ಕಟ್ಟಿದ ಗಂಟು ಬಿಚ್ಚಿಟ್ಟಾಳಪ್ಪ. ಯಾಕಂದ್ರ ಹೇಳವಲ್ಲಳು," ಎಂದಳು.

ಮಾನಪ್ಪನಿಗೆ ಉಳಿದ ಸಂಶಯವೂ ಹೋಯಿತು. ಇದು ಮನುಷ್ಯರಿಂದ ಆಗುವ ಕೆಲಸವಲ್ಲ. ತೆಂಗಿನಕಾಯಿ, ಊದುಬತ್ತಿ ಹಿಡಿದು ಸಿಂಧನೂರಿಗೆ ಬಂದ. ಆ ಜೀವಿಯ ಮುಂದೆ ಕಾಯಿ ಒಡೆದ. ಉದ್ದಕ್ಕೆ ಅಡ್ಡಬಿದ್ದ. ಅಲ್ಲಿಗೆ ಬಂದ ಜಿಲಾನಿಸಾಬ್ ಇದನ್ನು ಕಂಡು, ಸದ್ದಿಲ್ಲದೆ ಹಿಂದಕ್ಕೆ ಸರಿದ.

"ಮ್ಯಾಲಿನ ಸ್ವಾಮಿ, ಇನ್ನ ಮುಚ್ಚಿಡಬ್ಯಾಡ್ರಿ," ಎಂದ ಮಾನಪ್ಪ ನೆಲದಿಂದಲೇ. "ಖರೇ ಹೇಳ್ರಿ. ತಾವು ಎಲ್ಲಿಂದ ಬಂದೀರಿ?"

ಜೀವಿ ಎರಡೂ ಕೈಯಿಂದ ಮುಖವಾಡ ಎತ್ತಿತು.

"ಲಿಂಗಸುಗೂರು ಬಸ್ ಸ್ಟ್ಯಾಂಡಿನಿಂದ," ಎಂದಳು ಯಂಕಮ್ಮ. "ದೀಪಾವಳಿ ಸಂತಿಗೆ ಕರಕೊಂಡು ಹೋಗಿ, ನನ್ನ ಅಲ್ಲೇ ಮರತು, ನೀ ಒಬ್ಬನ ಬಸ್ ಹತ್ತಿ ಮನಿಗಿ ಬಂದಿದ್ದಿಯಲ್ಲ, ಅಲ್ಲಿಂದ."