ಕೊಬ್ಬಿಲ್ಲದ ತುಂಡು

“ಮಾವ, ಅದನ್ನ ಕತ್ತರಿಸಬೇಡಿ.”

ಕೋನಪ್ಪನ ಮಚ್ಚು ಅರ್ಧದಲ್ಲೇ ನಿಂತಿತು. ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಗ್ಗೆ. ಎಂಟು ಮನೆಯವರು ಸೇರಿ ತಂದ ಸೀಮೆಹಂದಿಯನ್ನು ರಾಮಾಂಜಿನಪ್ಪನ ಹಿತ್ತಲಿನ ಹೊಂಗೆಮರದ ಕೆಳಗೆ ಕಡಿದು ಮನೆಗೊಂದು ಪಾಲಿನಂತೆ ಗುಡ್ಡೆ ಹಾಕುತ್ತಿದ್ದರು. ಮಾತಾಡಿದ್ದು ರಾಮಾಂಜಿನಪ್ಪನ ಮಗಳು ಭಾನುಪ್ರಿಯಾ ಎಂದು ಗೊತ್ತಾಗಲು ಗಂಡಸರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಆ ಹುಡುಗಿಯ ದನಿ ಕೇಳಿದವರು ನಗರಗೆರೆಯಲ್ಲಿ ಹೆಚ್ಚು ಜನ ಇರಲಿಲ್ಲ.

“ಯಾವುದಮ್ಮ, ಇದಾ?” ಬೆನ್ನುಮೂಳೆಯ ಒಳಮಗ್ಗುಲಿಂದ ಬಿಡಿಸಿದ ಉದ್ದನೆಯ ಮೆತ್ತನೆ ತುಂಡನ್ನು ಕೋನಪ್ಪ ಎತ್ತಿ ತೋರಿಸಿದ. “ಇದರಲ್ಲಿ ಒಂದು ಚೂರೂ ಕೊಬ್ಬಿಲ್ಲ ಕಣಮ್ಮ. ಬೇಯಿಸಿದ್ರೆ ಒಣ ಕಡ್ಡಿ. ಅದಕ್ಕೇ ಸಣ್ಣಗೆ ಹೆಚ್ಚಿ ಎಲ್ಲ ಗುಡ್ಡೆಗೂ ಸೇರಿಸಿಬಿಡೋದು, ಯಾರಿಗೂ ಗೊತ್ತಾಗದ ಹಂಗೆ.”

“ನಮಗೆ ಇಡಿಯಾಗಿ ಬೇಕು.”

“ಹಂಗಾದ್ರೆ ನಿಮ್ಮ ಗುಡ್ಡೇಲಿ ಕೊಬ್ಬು ಬಿಡಬೇಕಾಗ್ತದೆ. ಏನಪ್ಪ ರಾಮಾಂಜಿ?”

ರಾಮಾಂಜಿನಪ್ಪ ಸಂಕ್ರಾಂತಿಯಿಂದ ಆ ಕೊಬ್ಬಿಗಾಗಿ ಕಾದಿದ್ದ. ಎಲೆಯ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ತನ್ನ ಪಾಲನ್ನು ನೋಡಿದ, ಮಗಳನ್ನು ನೋಡಿದ. ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ತರಲಿ ಎಂದರೂ “ಯಾವುದಾದ್ರೂ ಆಯ್ತಪ್ಪ” ಅನ್ನುತ್ತಿದ್ದವಳು. ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

“ಬಿಡು” ಎಂದ. ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡ. ಕೋನಪ್ಪ ಕೊಬ್ಬನ್ನೆಲ್ಲ ತೆಗೆದು ಉಳಿದ ಏಳು ಗುಡ್ಡೆಗೆ ಹಂಚಿದ.

ಹಂದಿ ಹೊಸಿಲು ದಾಟಬಾರದೆಂಬುದು ಅಜ್ಜಿ ಅಮ್ಮಾಜಮ್ಮನ ಕಟ್ಟಪ್ಪಣೆ. ಆದ್ದರಿಂದ ಭಾನು ಹಿತ್ತಲಿನ ಮೂರು ಕಲ್ಲಿನ ಒಲೆಯ ಮುಂದೆಯೇ ಕೂತಳು. ಕೊಟ್ಟಿಗೆಯ ಗೋಡೆಗೆ ವರ್ಷವಿಡೀ ಬೋರಲು ನೇತುಹಾಕಿರುವ ಹಂದಿ ಪಾತ್ರೆಯನ್ನು ಇಳಿಸಿ, ತಳಕ್ಕೆ ಮರಳು ಹರಡಿ, ಮುಚ್ಚಿ ಕಾಯಲು ಇಟ್ಟಳು. ಮೆಣಸು, ಉಪ್ಪು, ಬೆಳ್ಳುಳ್ಳಿ ಸವರಿದ ತುಂಡನ್ನು ಕಾದ ಹೆಂಚಿನ ಮೇಲೆ ಹೊರಳಿಸಿ ಆರಿಸಿದಳು. ಬಿಸಿನೀರಲ್ಲಿ ಬಾಡಿಸಿದ ದಂಟಿನ ಸೊಪ್ಪನ್ನು ಹಿಂಡಿ ಅದಕ್ಕೆ ಸುತ್ತಿದಳು, ಒಳಗಿನ ರಸ ಮೇಲೆ ಸುತ್ತುವ ಹಿಟ್ಟಿಗೆ ಇಳಿಯದಿರಲೆಂದು. ಆಮೇಲೆ ಫ್ರಿಜ್ಜಿನಿಂದ ಪಫ್ ಹಾಳೆ ತಂದಳು. ಗೌರಿಬಿದನೂರಿನ ಬೇಕರಿಯವರು ಎಗ್ ಪಫ್‌ಗೆಂದು ಲಟ್ಟಿಸಿಟ್ಟಿದ್ದ ಹಸಿ ಹಿಟ್ಟಿನ ಹಾಳೆ. ಅದನ್ನು ತುಂಡಿನ ಸುತ್ತ ಸುತ್ತತೊಡಗಿದಳು.

ಗುಡ್ಡೆ ಸಿಕ್ಕಿದವರು ಮನೆಗೆ ಹೋಗಬೇಕಿತ್ತು. ಒಬ್ಬರೂ ಹೋಗಲಿಲ್ಲ.

“ನೋಡ್ರಪ್ಪೋ, ಹಂದಿಗೆ ಸೀರೆ ಉಡಿಸ್ತಾವ್ಳೆ!” ಎಂದ ಕೋನಪ್ಪ.

“ನೆರಿಗೆ ಸರಿಯಾಗಿ ಹಿಡಿಯಮ್ಮ, ಜಾರೀತು!” ಎಂದಿತು ಇನ್ನೊಂದು ದನಿ.

ಭಾನುವಿನ ಕಿವಿ ಕೆಂಪಾಯಿತು. ಆದರೂ ಕರ್ಜಿಕಾಯಿಯ ಅಂಚು ಮಡಿಸುವಂತೆ ಬೆರಳು ಒತ್ತಿ ಒತ್ತಿ ಹಾಳೆಯ ಬಾಯಿ ಮುಚ್ಚಿದಳು, ಮೇಲೆ ಮೊಟ್ಟೆಯ ಹಳದಿ ಸವರಿದಳು. ಅದನ್ನು ತಟ್ಟೆಯಲ್ಲಿಟ್ಟು ಪಾತ್ರೆಯೊಳಗೆ ಇಳಿಸಿ, ಮುಚ್ಚಳ ಹಾಕಿ, ಅದರ ಮೇಲೂ ಕೆಂಡ ಹರಡಿದಳು.

ಸ್ವಲ್ಪ ಹೊತ್ತಿಗೆ ಬೆಣ್ಣೆಯ ವಾಸನೆ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಸೀದಂಥ ವಾಸನೆ.

“ಹೋಯ್ತು! ಕೊಬ್ಬೂ ಹೋಯ್ತು, ತುಂಡೂ ಹೋಯ್ತು. ರಾಮಾಂಜಿ, ನಿನಗೆ ಈ ಸಲ ಬರೀ ಮುದ್ದೆ.” ಕೋನಪ್ಪ ನಗುತ್ತಾ ಎದ್ದು ಮುಚ್ಚಳಕ್ಕೆ ಇಕ್ಕಳ ಹಾಕಿದ.

“ತೆಗೀಬೇಡಿ!”

ಕೊಟ್ಟಿಗೆಯಲ್ಲಿದ್ದ ಹಸುವೂ ತಲೆಯೆತ್ತಿತು. ಕೋನಪ್ಪನ ಕೈಯಿಂದ ಇಕ್ಕಳ ಜಾರಿತು. ಭಾನು ಎದ್ದು ನಿಂತಿದ್ದಳು. “ಸೀದಿದ್ದು ಹೊರಗೆ ಚೆಲ್ಲಿದ ಮೊಟ್ಟೆ ಮಾವ. ಈಗ ತೆಗೆದ್ರೆ ಉಬ್ಬಿದ್ದು ಕೂತುಬಿಡತ್ತೆ. ನಾನು ಹೇಳೋವರೆಗೂ ಯಾರೂ ಮುಟ್ಟಬೇಡಿ.”

ಯಾರೂ ಮುಟ್ಟಲಿಲ್ಲ. ಯಾರೂ ನಗಲೂ ಇಲ್ಲ. ರಾಮಾಂಜಿನಪ್ಪ ಕಣ್ಣು ಮಿಟುಕಿಸದೆ ಮುಚ್ಚಳವನ್ನೇ ನೋಡುತ್ತಾ ಕೂತ.

ಕೊನೆಗೆ ಅವಳೇ ಕೆಂಡ ಸರಿಸಿ ಮುಚ್ಚಳ ಎತ್ತಿದಳು. ಒಳಗೆ ತಟ್ಟೆಯ ಮೇಲೆ, ಪದರ ಪದರವಾಗಿ ಉಬ್ಬಿ, ಮಾಗಿದ ಹಲಸಿನ ತೊಳೆಯ ಬಣ್ಣದಲ್ಲಿ, ಒಂದು ಬಿರುಕೂ ಇಲ್ಲದೆ ಮಲಗಿತ್ತು ಅದು.

“ಅಬ್ಬಬ್ಬಾ! ಏಮಮ್ಮಾ ಇದಿ!” ಕೋನಪ್ಪನ ಬಾಯಿಂದ ತೆಲುಗು ಹೊರಟಿತು. ಬೆಳಗಿನಿಂದ ಇಡೀ ಹಂದಿಯನ್ನು ಒಂದೇ ಸಮನೆ ಕಡಿದು ಹಾಕಿದವನು, ಚೂರಿ ತೊಳೆದು ತಂದು, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಚಾಚಿದ. “ನೀನೇ ಕುಯ್ಯಮ್ಮ. ಇದು ಮಚ್ಚು ಹಿಡಿಯೋ ಕೈಗೆ ಒಗ್ಗೋ ಕೆಲ್ಸ ಅಲ್ಲ.”

ಚೂರಿ ಇಳಿದಾಗ ತರಗೆಲೆ ತುಳಿದಂಥ ಸದ್ದಾಯಿತು. ಹಸಿರು ಸೊಪ್ಪಿನ ಉಂಗುರದ ನಡುವೆ ಬೆಳ್ಳಗಿನ ಮಾಂಸ, ಅಂಚಿನಲ್ಲಿ ರಸ. ಮೊದಲ ಹೋಳನ್ನು ಅಪ್ಪನ ಕೈಗೆ ಕೊಟ್ಟಳು. ರಾಮಾಂಜಿನಪ್ಪ ಕಚ್ಚಿದ, ಅಗಿದ, ಕಣ್ಣು ಮುಚ್ಚಿದ.

ಅವನ ಮುಖ ನೋಡಿದ್ದೇ ತಡ, ಕೋನಪ್ಪ ಸರಸರ ಏಳು ಮುತ್ತುಗದ ಎಲೆ ಹಾಸಿದ. “ಹಾಕಮ್ಮ, ಒಂದೊಂದು ಎಲೆಗೆ ಒಂದೊಂದು.”

“ಇದು ಗುಡ್ಡೆಗೆ ಬರಲ್ಲ ಮಾವ. ಇಡಿಯಾಗಿ ನಮ್ಮದು. ನೀವೇ ಅಳೆದು ಕೊಟ್ಟಿದ್ದೀರಿ.” ಭಾನು ಚೂರಿಯ ತುದಿಯಿಂದ ಅವನ ಪಾಲಿನ ಪೊಟ್ಟಣವನ್ನು ತೋರಿಸಿದಳು. “ಒಂದು ಹೋಳಿಗೆ ಒಂದು ಹಿಡಿ ಕೊಬ್ಬು.”

“ಒಂದು ಹಿಡೀನಾ! ಏನು ರಾಮಾಂಜಿ, ನಿನ್ನ ಮಗಳು ಹಗಲು ದರೋಡೆ ಮಾಡ್ತಾವ್ಳೆ!” ಎನ್ನುತ್ತಲೇ ಕೋನಪ್ಪ ಪೊಟ್ಟಣ ಬಿಚ್ಚಿದ. ಅವನ ಹಿಂದೆ ಉಳಿದವರೂ ಬಿಚ್ಚಿದರು. ನೋಡುತ್ತಿದ್ದಂತೆ ರಾಮಾಂಜಿನಪ್ಪನ ಎಲೆಯ ಮೇಲೆ ಬೆಳ್ಳನೆಯ ಕೊಬ್ಬು ಯಾರ ಗುಡ್ಡೆಗೂ ಇಲ್ಲದಷ್ಟು ಎತ್ತರಕ್ಕೆ ಏರಿತು.

ತಟ್ಟೆಯಲ್ಲಿ ಕೊನೆಯ ಹೋಳು ಉಳಿದಿತ್ತು. ಭಾನು ಅದನ್ನು ತನಗೆಂದು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಕೈ ಮುಂದೆ ಬಂತು. ಅಂಗೈಯಲ್ಲಿ ಒಂದು ಹಿಡಿ ಕೊಬ್ಬು. ತಲೆಯೆತ್ತಿ ನೋಡಿದರೆ ಅಪ್ಪ.

“ಮನೆಯವರಿಗೆ ಎರಡು ಹಿಡಿ” ಎಂದಳು ಭಾನು, ಇಡೀ ಹಿತ್ತಲಿಗೆ ಕೇಳುವ ಹಾಗೆ.