ಬ್ರೇಕ್ ಬಿಟ್ಟೇನಿ

“ಬ್ರೇಕ್ ಬಿಡ್ರಿ, ಸಿದ್ದಲಿಂಗಣ್ಣ! ಗಾಡಿ ತಾನ ಮುಂದ ಸರೀತೈತಿ,” ಲಾರಿಯ ಬಾಗಿಲ ಕೆಳಗೆ ನಿಂತು ಮೇಸ್ತ್ರಿ ಮಹಾಬಳೇಶ್ವರ ಕೂಗಿದ.

“ಬಿಟ್ಟೇನೋ!”

ಲಾರಿ ಕದಲಲಿಲ್ಲ. ದಿಮ್ಮಿ ಉರುಳಿ ಸಿದ್ದಲಿಂಗನ ಎಡಗಾಲು ಹೋಗಿ ಮೂರು ವರ್ಷವಾಗಿತ್ತು; ಅಂದಿನಿಂದ ಅವನು ಗಾಡಿ ಓಡಿಸಿರಲಿಲ್ಲ. ಕ್ಲಚ್ ತುಳಿಯುವ ಕೆಲಸವೇ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂಡಿಸಲು ಹಟ ಹಿಡಿದವಳು ಹೆಂಡತಿ ಶಿವಗಂಗಾ. ಮಹಾಬಳೇಶ್ವರ ಅದನ್ನು ಆಗಲೇ ಎರಡು ಸಲ ಇಳಿಸಿ ಏರಿಸಿದ್ದ. ಆಯಿಲ್ ಸರಿಯಿತ್ತು, ಕೇಬಲ್ಲೂ ಸರಿಯಿತ್ತು. ತಲೆ ಕೆರೆದುಕೊಳ್ಳುತ್ತ ಲಾರಿಯ ಹಿಂದಕ್ಕೆ ಬಂದವನು ಅಲ್ಲೇ ನಿಂತುಬಿಟ್ಟ. ಒಡೆಯದೆ ಉಳಿದಿದ್ದ ಒಂದೇ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಿತ್ತು. ಸಿದ್ದಲಿಂಗ ಬ್ರೇಕ್ ತುಳಿದೇ ಕೂತಿದ್ದ.

“ಕೆಲಸ ಬರೂದಿಲ್ಲಂದ್ರ ಯಾಕ ಒಪ್ಕೊಂಡ್ಯೋ?” ಒಳಗಿನಿಂದ ಅವನ ಬೈಗುಳ ಕೇಳಿಸಿತು. ಎದುರಿನ ಚಹಾದಂಗಡಿಯಲ್ಲಿದ್ದ ಡ್ರೈವರುಗಳು ಗ್ಲಾಸು ಹಿಡಿದುಕೊಂಡೇ ಇತ್ತ ಬಂದರು.

ಮಹಾಬಳೇಶ್ವರ ಬಾಯಿ ತೆರೆಯುವಷ್ಟರಲ್ಲಿ ಶಿವಗಂಗಾ ಬಂದು ಆ ದೀಪಕ್ಕೆ ಬೆನ್ನು ಹಚ್ಚಿ ನಿಂತಳು. ಅದರ ಕೆಂಪು ಅವಳ ಸೆರಗಿನ ಅಂಚಿನಲ್ಲಿ ಇನ್ನೂ ಕಾಣುತ್ತಿತ್ತು. ಅವಳು ಮೇಸ್ತ್ರಿಯ ಮುಖ ನೋಡಲಿಲ್ಲ. ಬಂದವರಿಗೆಲ್ಲ ಕೇಳುವಂತೆ ಹೇಳಿದಳು:

“ನಿಮಗ ಕೂಡಿಸಾಕ ಬಂದಿಲ್ರಿ, ಮೇಸ್ತ್ರಿ. ಇನ್ನೊಮ್ಮೆ ಬಿಚ್ಚರಿ.”